ಒಬ್ಬರು ಬೇಡ ಎಂದರೆ

ಔಷಧಿ ಗೋದಾಮಿನ ಮ್ಯಾನೇಜರು ಫೋನ್ ಮಾಡಿ, ನಿನ್ನ ಕೋಲ್ಡ್ ರೂಮು ಕೈಕೊಟ್ಟಿದೆ, ಬೇಗ ಬಾ ಎಂದರು. ಕೆಟ್ಟಾಗ ಮಾತ್ರ ಅದು ನನ್ನ ಕೋಲ್ಡ್ ರೂಮು; ಸರಿಯಿದ್ದಾಗ ಅವರದು. ಈ ಊರಿನ ಮೀನಿನ ಮಾರುಕಟ್ಟೆ, ಐಸ್‌ಕ್ರೀಮ್ ಫ್ಯಾಕ್ಟರಿ, ಆಸ್ಪತ್ರೆಯ ಶವಾಗಾರ, ಎಲ್ಲದರ ತಂಪೂ ಬಹಳ ವರ್ಷಗಳಿಂದ ನನ್ನ ಕೈಯಲ್ಲೇ ಇರುವುದರಿಂದ ಇಂಥ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಲಕರಣೆಯ ಚೀಲ ಹೆಗಲಿಗೇರಿಸಿ ಹೋದೆ.

ಮೆಷಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಗ್ಯಾಸು ಸರಿಯಿತ್ತು, ಕಂಪ್ರೆಸರ್ ಓಡುತ್ತಿತ್ತು, ಬಾಗಿಲಿನ ರಬ್ಬರು ಗಟ್ಟಿಯಾಗಿತ್ತು. ಆದರೂ ಯಾರಾದರೂ ಒಮ್ಮೆ ಒಳಗೆ ಹೋಗಿ ಬಂದರೆ ಸಾಕು, ಮೀಟರಿನ ಮುಳ್ಳು ಸರ್ರನೆ ಮೇಲೇರುತ್ತಿತ್ತು. ಒಳಗೆ ಕಾಲಿಟ್ಟಾಗ ಕಾರಣ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ಒಂದಿಷ್ಟು ಪೆಟ್ಟಿಗೆ ಬಿಟ್ಟರೆ ಕಪಾಟುಗಳೆಲ್ಲ ಖಾಲಿ. ಇಂಥ ಕೋಣೆಯನ್ನು ತಣ್ಣಗಿಡುವುದು ಮೆಷಿನ್ ಒಂದೇ ಅಲ್ಲ, ಒಳಗಿಟ್ಟ ಸಾಮಾನೂ ಹೌದು. ಡಬ್ಬಗಳು ತುಂಬಿದ್ದರೆ ತಂಪನ್ನು ಹಿಡಿದಿಟ್ಟುಕೊಳ್ಳುತ್ತವೆ. ಏನೂ ಇಲ್ಲದಿದ್ದರೆ ಇರುವುದು ಬರೀ ಗಾಳಿ, ಬಾಗಿಲು ತೆಗೆದ ಕೂಡಲೇ ಅದು ಹೊರಗೆ.

‘ರಿಪೇರಿ ಮಾಡೋಕೆ ಏನೂ ಇಲ್ಲ ಸಾರ್. ಒಳಗೆ ಏನಾದ್ರೂ ಇಡಿ’ ಎಂದೆ.

‘ಇಡೋಕೆ ಇದ್ದಿದ್ರೆ ನಿನ್ನನ್ನ ಯಾಕೆ ಕರೀತಿದ್ದೆ?’ ಎಂದರು.

ಆಮೇಲೆ ದನಿ ತಗ್ಗಿಸಿ ಹೇಳಿದರು: ಹೊರದೇಶದ ಕಂಪನಿಗಳಿಗೆ ಕೊಡಲು ಬ್ಯಾಂಕಿನಲ್ಲಿ ಹೊರದೇಶದ ಹಣವೇ ಇಲ್ಲ, ಹಡಗಿಗೆ ಹಾಕಿದ ಮಾಲನ್ನೂ ಅವರು ವಾಪಸ್ ಇಳಿಸಿಕೊಂಡಿದ್ದಾರೆ, ಹೊರಗೆ ಎಲ್ಲೂ ಬಾಯಿ ಬಿಡಬೇಡ. ನಾನು ನೀರಿನ ಕ್ಯಾನುಗಳನ್ನು ತರಿಸಿ, ಔಷಧಿ ಇರಬೇಕಾದ ಕಡೆ ಅವನ್ನೇ ಜೋಡಿಸಿದೆ. ಮುಳ್ಳು ತೆಪ್ಪಗೆ ಕೆಳಗಿಳಿಯಿತು. ಮ್ಯಾನೇಜರು ಖುಷಿಯಾದರು. ನನಗೆ ಮಾತ್ರ ಆ ಖುಷಿಯಿರಲಿಲ್ಲ, ಏಕೆಂದರೆ ಮೂಲೆಯಲ್ಲಿ ಉಳಿದಿದ್ದ ಒಂದಿಷ್ಟು ಪೆಟ್ಟಿಗೆಗಳ ಮೇಲಿದ್ದ ಹೆಸರು ನನಗೆ ಬಾಯಿಪಾಠ. ಅದು ಇನ್ಸುಲಿನ್. ನನ್ನ ಮಗಳು ಏಳು ವರ್ಷದವಳಿದ್ದಾಗಿನಿಂದ ಅದರ ಮೇಲೇ ಬದುಕಿದ್ದಾಳೆ. ಅದಿಲ್ಲದೆ ಅವಳಿಲ್ಲ, ಅಷ್ಟೇ.

ಮನೆಗೆ ಬಂದವನೇ ನಾವು ದೇಶ ಬಿಡೋಣ ಎಂದೆ.

ಹೀಗೆ ಹೇಳಿಬಿಟ್ಟರೆ ನಮ್ಮ ಮನೆಯಲ್ಲಿ ಏನೂ ಆಗುವುದಿಲ್ಲ. ನಮ್ಮಲ್ಲೊಂದು ಪದ್ಧತಿಯಿದೆ. ಹಿಂದೆ ನಮ್ಮಪ್ಪ ಯಾರನ್ನೂ ಕೇಳದೆ ಒಂದು ಹಳೇ ಜೀಪು ತಂದು ಮನೆಮುಂದೆ ನಿಲ್ಲಿಸಿದ್ದರು. ಅದು ನಿಂತಲ್ಲಿಂದ ಜಪ್ಪಯ್ಯ ಅಂದರೂ ಕದಲಲಿಲ್ಲ, ಅಮ್ಮ ಅಪ್ಪನ ಜತೆ ಮಾತು ಬಿಟ್ಟಳು. ಕೊನೆಗೆ ರಾಜಿಯಾದದ್ದು ಒಂದು ಷರತ್ತಿನ ಮೇಲೆ: ದೊಡ್ಡ ವಿಷಯ ಯಾವುದಿದ್ದರೂ ಊಟದ ಮೇಜಿನ ಮುಂದೆ ಎಲ್ಲರನ್ನೂ ಕೇಳಬೇಕು, ಒಬ್ಬರು ಬೇಡ ಎಂದರೆ ಬೇಡ. ಕಾರಣ ಕೇಳುವ ಹಾಗಿಲ್ಲ, ಆಮೇಲೆ ಮುಖ ಊದಿಸಿಕೊಂಡು ತಿರುಗುವ ಹಾಗಿಲ್ಲ. ಅಪ್ಪ ಹೋದರೂ ಪದ್ಧತಿ ಉಳಿಯಿತು. ಇದರ ದೆಸೆಯಿಂದ ನಮ್ಮ ನಡುಮನೆಯ ಗೋಡೆ ಇವತ್ತಿಗೂ ಸಿಮೆಂಟಿನ ಬಣ್ಣದಲ್ಲೇ ಇದೆ, ನಾಲ್ವರಿಗೆ ಒಪ್ಪಿಗೆಯಾಗುವ ಬಣ್ಣವನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ.

ನಾಲ್ವರೆಂದರೆ ಅಮ್ಮ, ನಾನು, ನನ್ನ ಹೆಂಡತಿ ಮತ್ತು ಮಗಳು. ಮಗಳನ್ನು ನಾವು ಲಾಯರಮ್ಮ ಎಂದೇ ಕರೆಯುವುದು. ಮಾತು ಬಂದಂದಿನಿಂದ ಅವಳು ವಾದದಲ್ಲಿ ಸೋತದ್ದಿಲ್ಲ. ಹೈಸ್ಕೂಲು ಮುಗಿಸಿದ ಮೇಲೆ ಅವಳಿಗೂ ಮೇಜಿನ ಮುಂದೆ ಅಭಿಪ್ರಾಯ ಹೇಳುವ ಹಕ್ಕು ಸಿಕ್ಕಿತ್ತು. ಹಕ್ಕು ಕೊಟ್ಟೆವು ಅನ್ನುವುದಕ್ಕಿಂತ ಕಿತ್ತುಕೊಂಡಳು ಅನ್ನಬೇಕು.

ಹೋಗುವುದಕ್ಕೆ ಒಂದು ದಾರಿಯೂ ಇತ್ತು. ಮೊದಲು ನನ್ನ ಜತೆಗೇ ಕೆಲಸ ಮಾಡುತ್ತಿದ್ದವನೊಬ್ಬ, ನಾವು ಉದ್ದಣ್ಣ ಎನ್ನುತ್ತಿದ್ದವನು, ಸಮುದ್ರದಾಚೆಯ ದೇಶದಲ್ಲಿ ಮೀನು ಹೆಪ್ಪುಗಟ್ಟಿಸುವ ಫ್ಯಾಕ್ಟರಿ ಸೇರಿದ್ದ. ಇಲ್ಲಿ ಮೆಕ್ಯಾನಿಕ್‌ಗಳು ಸಿಗುತ್ತಿಲ್ಲ, ಹೂಂ ಅನ್ನು ಸಾಕು, ಸಂಸಾರ ಸಮೇತ ಕರೆಸಿಕೊಳ್ಳುತ್ತಾರೆ ಎಂದು ಅವನು ಒಂದೇ ಸಮನೆ ಹೇಳುತ್ತಿದ್ದ. ಲಾಯರಮ್ಮ ಆಗಲಿ ಎಂದಳು. ಅಮ್ಮನೂ ಒಪ್ಪಿದಳು, ತನಗೆ ಎಲ್ಲಿ ಮಲಗಿದರೂ ಅದೇ ಬೆನ್ನುನೋವು ಎಂದಳು. ಹೆಂಡತಿ ಬೇಡ ಎಂದಳು.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಜನ ಎಂದಿನಂತೆ ಬರುತ್ತಿದ್ದಾರೆ, ಒಂದಕ್ಕೆ ನಾಲ್ಕು ಫ್ರೇಮು ಹಾಕಿ ಕನ್ನಡಿ ನೋಡಿಕೊಳ್ಳುತ್ತಿದ್ದಾರೆ, ದೇಶ ಮುಳುಗುವಾಗ ಯಾರಾದರೂ ಹೀಗೆ ಮಾಡುತ್ತಾರಾ ಎಂಬುದು ಅವಳ ಲೆಕ್ಕಾಚಾರ. ಕಾರಣ ಕೇಳುವ ಹಾಗಿಲ್ಲದಿದ್ದರೂ ಅವಳೇ ಹೇಳಿಕೊಂಡಳು. ಎರಡು ಖಾಲಿ ಕಪಾಟು ನೋಡಿ ಬಂದು ಗೂಡು ಕೀಳಿಸಬೇಡಿ ಎಂದಳು. ವಿಷಯ ಅಲ್ಲಿಗೆ ಮುಗಿಯಿತು.

ಮುಳುಗುವುದು ಅಂದರೆ ಒಂದೇ ದಿನ ದಬ್ಬನೆ ಬೀಳುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಹಾಗಾಗಲಿಲ್ಲ, ಒಂದು ವರ್ಷವೇ ಹಿಡಿಯಿತು. ಬೇಕರಿಯಲ್ಲಿ ಬ್ರೆಡ್ಡಿನ ಬೆಲೆ ಏರದೆ ಬ್ರೆಡ್ಡೇ ಚಿಕ್ಕದಾಯಿತು. ಅಂಗಡಿಗಳಲ್ಲಿ ಬೆಲೆಯ ಚೀಟಿ ಅಂಟಿಸುವುದನ್ನು ನಿಲ್ಲಿಸಿ, ಕೇಳಿದರೆ ಬಾಯಲ್ಲಿ ಹೇಳತೊಡಗಿದರು. ಬೀದಿದೀಪ ಒಂದು ಬಿಟ್ಟು ಒಂದು ಉರಿಯಿತು. ಹೆಂಡತಿಯ ಅಂಗಡಿಗೆ ಹೊಸ ಫ್ರೇಮು ಬರುವುದು ನಿಂತು, ಜನ ತೀರಿಹೋದ ಅಪ್ಪಂದಿರ ಕನ್ನಡಕ ತಂದು ಇದಕ್ಕೇ ನಮ್ಮ ನಂಬರಿನ ಗಾಜು ಹಾಕಿ ಎನ್ನತೊಡಗಿದರು. ಒಂದು ಸಂಜೆ ಔಷಧಿ ಅಂಗಡಿಯವನು ಮಗಳ ಚೀಟಿ ನೋಡಿ ಅರ್ಧ ಮಾತ್ರ ಕೊಟ್ಟು ಕಳಿಸಿದ. ಹೆಂಡತಿ ಆ ಡಬ್ಬಿಯನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ, ಹೋಗೋಣ ಎಂದಳು.

ಈ ಸಲ ಬೇಡ ಎಂದವಳು ಅಮ್ಮ.

ಮೊದಲು ಒಪ್ಪಿದ್ದೆಯಲ್ಲ ಎಂದರೆ, ಆಗ ಅದು ಬರೀ ಮಾತಾಗಿತ್ತು, ಈಗ ನಿಜವಾಗಿಯೂ ಹೊರಟುಬಿಡುತ್ತೀರಿ ಎಂದಳು. ‘ಅಲ್ಲಿ ನನಗೆ ಯಾರ ಭಾಷೆ ಬರುತ್ತೆ? ಯಾರ ಹತ್ರ ಜಗಳ ಆಡ್ಲಿ ನಾನು?’ ಎಂದು ಕೇಳಿದಳು. ನಾವು ನಕ್ಕೆವು. ಅವಳು ನಗಲಿಲ್ಲ. ಎದುರುಮನೆಯಾಕೆಯ ಜತೆ ನೀರಿನ ಪೈಪಿನ ವಿಷಯಕ್ಕೆ ದಿನಾ ಬೆಳಿಗ್ಗೆ ಜಗಳ ತೆಗೆಯುವುದು ಅವಳಿಗೆ ಎಷ್ಟು ಮುಖ್ಯ ಎಂಬುದು ನನಗೆ ಆಗ ಹೊಳೆಯಲಿಲ್ಲ. ಇಡೀ ಬದುಕನ್ನೇ ಬಿಟ್ಟು ಬಾ ಎನ್ನುತ್ತಿದ್ದೆ, ಅವಳು ಅದನ್ನು ತನಗೆ ತೋಚಿದ ಮಾತಿನಲ್ಲಿ ಹೇಳಿದ್ದಳು. ನನಗೆ ಸಿಟ್ಟಷ್ಟೇ ಬಂತು. ಪದ್ಧತಿಯ ಪ್ರಕಾರ ಸಿಟ್ಟು ತೋರಿಸುವ ಹಾಗಿರಲಿಲ್ಲ, ಹೊರಗೆ ಹೋಗಿ ಸ್ಕೂಟರ್ ಒರೆಸಿದೆ.

ಅಮ್ಮನ ಮನಸ್ಸು ತಿರುಗಿದ್ದು ಅಡುಗೆಮನೆಯಲ್ಲಿ. ಊಟ ಬಡಿಸುವವಳು ಅವಳೇ ಆದ್ದರಿಂದ, ಲಾಯರಮ್ಮ ಹಸಿವಿಲ್ಲ ಎನ್ನುವುದು, ತಟ್ಟೆಗೆ ಕೈ ಅಡ್ಡ ಹಿಡಿಯುವುದು ಹೆಚ್ಚಾದದ್ದು ಮೊದಲು ತಿಳಿದದ್ದೂ ಅವಳಿಗೇ. ಮೊಮ್ಮಗಳನ್ನು ಮೂಲೆಗೆ ಕರೆದು ಗದರಿಸಿ ಕೇಳಿದ್ದಾಳೆ. ಕಡಿಮೆ ತಿಂದರೆ ಇನ್ಸುಲಿನ್ ಕಡಿಮೆ ಸಾಕು ಅಜ್ಜಿ, ಇರೋದು ಇನ್ನೊಂದಿಷ್ಟು ದಿನ ಬರುತ್ತೆ, ಅಪ್ಪನಿಗೆ ಹೇಳಬೇಡ ಎಂದಿದ್ದಾಳೆ ಹುಡುಗಿ. ಅಮ್ಮ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

‘ನನ್ನನ್ನ ಎಲ್ಲಿಗೆ ಬೇಕಾದ್ರೂ ಹೊತ್ಕೊಂಡು ಹೋಗೋ. ಆ ಮಗು ಹೊಟ್ಟೆ ತುಂಬಾ ಉಂಡ್ರೆ ಸಾಕು.’

ಅಂತೂ ನಾಲ್ವರೂ ಒಪ್ಪಿದೆವು. ಉದ್ದಣ್ಣ ಫ್ಯಾಕ್ಟರಿಯವರಿಗೆ ಹೇಳಿದ, ಫ್ಯಾಕ್ಟರಿಯವರು ಕೆಲಸದ ಪತ್ರ ಕಳಿಸಿದರು. ನಾವು ಆ ದೇಶದ ಕಚೇರಿಯ ಮುಂದೆ ಸಾಲು ನಿಂತೆವು, ಅವರು ಹೇಳಿದ ಡಾಕ್ಟರ ಹತ್ತಿರ ರಕ್ತ ಕೊಟ್ಟು ಬಂದೆವು. ಆ ಸಾಲಿನಲ್ಲಿ ಅರ್ಧ ಊರೇ ಇತ್ತು. ನನ್ನ ಹಲ್ಲಿನ ಡಾಕ್ಟರಿದ್ದರು, ಬ್ಯಾಂಕಿನ ಕ್ಯಾಷಿಯರ್ ಇದ್ದ. ಎಲ್ಲರೂ ಬೇರೆಯವರ ಜತೆಗೆ ಸುಮ್ಮನೆ ಬಂದವರ ಹಾಗೆ ಮುಖ ಮಾಡಿಕೊಂಡು ನಿಂತಿದ್ದರು.

ಕೌಂಟರಿನ ಹೆಂಗಸು ಒಳ್ಳೆಯವಳು. ಒರಟಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನೀವು, ನಿಮ್ಮ ಹೆಂಡತಿ, ನಿಮ್ಮ ತಾಯಿ ಹೋಗಬಹುದು, ಮಗಳಿಗೆ ಅನುಮತಿ ಸಿಕ್ಕಿಲ್ಲ ಎಂದಳು. ಜೀವನಪೂರ್ತಿ ಔಷಧಿ ಬೇಕಾದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ ಎಂದು ಅವರ ಸರ್ಕಾರ ನಿಯಮ ಮಾಡಿತ್ತು. ಎಲ್ಲ ಕಡೆಯಿಂದಲೂ ಜನ ಹೀಗೆ ನುಗ್ಗತೊಡಗಿದ ಮೇಲೆ ಮಾಡಿದ ನಿಯಮವಂತೆ.

‘ಹೋದ ವರ್ಷ ಬಂದಿದ್ರೆ ಡಾಕ್ಟರ್ ಪರೀಕ್ಷೆನೇ ಇರ್ಲಿಲ್ಲ. ನಾಲ್ಕೂ ಜನ ಹೋಗಿರ್ತಿದ್ರಿ’ ಎಂದಳು ಆಕೆ. ನಮ್ಮನ್ನು ಸಮಾಧಾನ ಮಾಡಲೆಂದೇ ಹೇಳಿದ್ದಿರಬೇಕು.

ವಾಪಸ್ ಬರುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಮನೆ ಹತ್ತಿರ ಬಂದಾಗ, ಮೊದಲ ಬೇಡ ನನ್ನದೇ ಅಲ್ವಾ ಎಂದಳು. ಹಿಂದಿನ ಸೀಟಿನಿಂದ ಅಮ್ಮ, ನಾನೂ ಒಂದು ಬೇಡ ಹೇಳಿಲ್ವಾ, ನಿನ್ನದನ್ನೇ ಯಾಕೆ ಹಿಡ್ಕೊಂಡಿದ್ದೀಯ ಎಂದಳು. ಅತ್ತೆ ಸೊಸೆ ಇಬ್ಬರೂ ತಪ್ಪನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಇದು ನಿಮ್ಮ ತಪ್ಪಲ್ಲ ಎಂದು ನಾನು ಹೇಳಬೇಕಿತ್ತು, ಹೇಳಿದೆ ಕೂಡ, ಆದರೆ ನನ್ನ ದನಿ ನನಗೇ ನಂಬುವ ಹಾಗಿರಲಿಲ್ಲ. ನನಗೂ ಹೊಟ್ಟೆಯೊಳಗೆ ಅವರ ಮೇಲೆ ಕೋಪವಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಉದ್ದಣ್ಣನಿಗೆ ಫೋನ್ ಮಾಡಿದೆ. ಅವನು, ಹಾಗಾದರೆ ನೀನೊಬ್ಬನೇ ಬಾ ಎಂದ. ಅಲ್ಲಿ ಇನ್ಸುಲಿನ್ ಧಾರಾಳ. ಊರಿಗೆ ಹೋಗುವವರು ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ, ಐಸಿನ ಪೆಟ್ಟಿಗೆಯಲ್ಲಿಟ್ಟು ಅವರ ಕೈಯಲ್ಲಿ ಕಳಿಸಬಹುದು. ಪೆಟ್ಟಿಗೆ ಮಾಡುವುದನ್ನು ನಿನಗೆ ಯಾರಾದರೂ ಹೇಳಿಕೊಡಬೇಕಾ ಎಂದ. ಬೇಕಿಲ್ಲ. ಆದರೆ ಹೋದವನು ಮತ್ತೆ ಯಾವಾಗ ಬರಬಹುದು ಎಂದು ಕೇಳಿದ್ದಕ್ಕೆ ಅವನು ಸಂಬಳದ ಮಾತು ತೆಗೆದ. ಅವನೇ ಹೋದಂದಿನಿಂದ ಈ ಕಡೆ ತಲೆ ಹಾಕಿಲ್ಲ. ಒಮ್ಮೆ ಈಚೆ ಬಂದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯ.

ಈ ವಿಷಯವನ್ನು ಮೇಜಿನ ಮುಂದೆ ಇಡುವ ಧೈರ್ಯ ನನಗಿರಲಿಲ್ಲ. ಇಟ್ಟವಳು ಲಾಯರಮ್ಮ. ನಾನು ಫೋನಿನಲ್ಲಿ ಆಡಿದ್ದನ್ನು ಕೇಳಿಸಿಕೊಂಡಿದ್ದಳು. ಭಾನುವಾರ ಮಧ್ಯಾಹ್ನ ಎಲ್ಲರೂ ಕೂತ ಮೇಲೆ, ಅಪ್ಪ ಒಬ್ಬನೇ ಹೋಗಬೇಕು ಅನ್ನೋದು ವಿಷಯ, ಅಜ್ಜಿಯಿಂದ ಶುರು ಮಾಡೋಣ ಎಂದಳು. ನಿಜವಾದ ಕೋರ್ಟಿನ ಹಾಗೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು.

ನನಗೆ ಒಳಗೊಳಗೇ ಧೈರ್ಯವಿತ್ತು. ಗೋಡೆಯ ಬಣ್ಣಕ್ಕೇ ಒಪ್ಪದ ಮನೆ ಇದು. ಒಬ್ಬರಾದರೂ ಬೇಡ ಅನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ, ಏನಾದರೂ ಆಗಲಿ ನಾಲ್ವರೂ ಒಂದೇ ಕಡೆ ಇರುತ್ತೇವೆ ಎಂದುಕೊಂಡೆ. ಅಮ್ಮನ ಮುಖ ನೋಡಿದೆ. ಇರುವ ಒಬ್ಬ ಮಗನನ್ನು ಈ ವಯಸ್ಸಿನಲ್ಲಿ ಕಳಿಸಿಕೊಡುವವಳಲ್ಲ ಅವಳು. ಅಮ್ಮ ಮೇಜಿನ ಮೇಲಿನ ಕಲೆಯೊಂದನ್ನು ಉಗುರಿನಿಂದ ಕೆರೆಯುತ್ತ, ಹೋಗ್ಲಿ ಎಂದಳು. ಹೆಂಡತಿಯ ಕಡೆ ತಿರುಗಿದೆ. ಅವಳೂ ಹೋಗಿ ಎಂದಳು. ಒಮ್ಮೆ ಬೇಡ ಎಂದು ಕೈ ಸುಟ್ಟುಕೊಂಡವರು ಇಬ್ಬರೂ. ಇನ್ನು ಈ ಜನ್ಮದಲ್ಲಿ ಆ ಮಾತು ಇವರ ಬಾಯಿಂದ ಬರುವುದಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

‘ನಂದೂ ಹೂಂ’ ಎಂದಳು ಮಗಳು. ‘ನೀನು ಹೇಳಪ್ಪ.’

ಇನ್ನು ಬೇಡ ಎನ್ನಲು ಉಳಿದವನು ನಾನೊಬ್ಬನೇ. ಹೇಳಿದ್ದರೆ ಯಾರೂ ಕಾರಣ ಕೇಳುವ ಹಾಗಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಕೆನ್ನೆಯ ಮೂಳೆ ಎದ್ದು ಕಾಣುವಷ್ಟು ಇಳಿದುಹೋಗಿದ್ದಳು. ಬೇಡ ಎಂದರೆ ಅವಳ ಇನ್ಸುಲಿನ್ನಿಗೇ ಬೇಡ ಎಂದ ಹಾಗೆ. ಹೂಂ ಎಂದರೆ ಅವಳನ್ನು ಇಲ್ಲಿ ಬಿಟ್ಟುಹೋಗುತ್ತೇನೆ ಎಂದ ಹಾಗೆ. ನಾನು ಹೂಂ ಎಂದೆ. ನಮ್ಮ ಮನೆಯಲ್ಲಿ ಇಷ್ಟು ಬೇಗ ಯಾವ ತೀರ್ಮಾನವೂ ಆಗಿರಲಿಲ್ಲ.

ಅಮ್ಮ ಎದ್ದು ಹಿತ್ತಲಿಗೆ ಹೋದಳು. ಹೆಂಡತಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಮತ್ತೆ ಬಿಡಿಸಿ ಇಟ್ಟಳು. ಲಾಯರಮ್ಮ ಮಾತ್ರ ಕುರ್ಚಿ ಹಿಂದಕ್ಕೆ ತಳ್ಳಿ, ಏಳಪ್ಪ, ಫ್ರಿಜ್ ಕೆಟ್ಟರೆ ಏನು ಮಾಡಬೇಕು ಅಂತ ಈಗಲೇ ತೋರಿಸು ಎಂದಳು. ನೀನು ಅಲ್ಲಿಂದ ಕಳಿಸಿದ್ದು ಇಲ್ಲಿ ಹಾಳಾಗಬಾರದಲ್ಲ ಎಂದಳು.

ಫ್ರಿಜ್ಜನ್ನು ಗೋಡೆಯಿಂದ ಈಚೆ ಎಳೆದೆವು. ಹಿಂದುಗಡೆ ನೆಲಕ್ಕೆ ಕೂತು ಧೂಳು ಒರೆಸಿದೆ. ಇದು ಕಂಪ್ರೆಸರ್, ಕೈಯಿಟ್ಟು ನೋಡು, ಇಷ್ಟು ಬೆಚ್ಚಗಿದ್ದರೆ ಸರಿ. ಇದು ರಿಲೇ, ಟಿಕ್ ಟಿಕ್ ಎನ್ನುತ್ತ ಮೆಷಿನ್ ಶುರುವಾಗದಿದ್ದರೆ ಇದೇ ಹೋಗಿರುತ್ತದೆ, ಪ್ಲಗ್ ಕಿತ್ತು ಹೀಗೆ ಎಳೆದರೆ ಬರುತ್ತದೆ, ಹೊಸದನ್ನು ಹೀಗೆ ಕೂರಿಸಬೇಕು. ಕರೆಂಟು ಹೋದರೆ ಬಾಗಿಲು ತೆಗೆಯಲೇಬೇಡ. ಅವಳು ನನ್ನ ಪಕ್ಕದಲ್ಲಿ ಮೊಣಕಾಲೂರಿ ಕೂತು, ನಾನು ಮಾಡಿದ್ದನ್ನೇ ಮಾಡಿದಳು. ಒಂದೇ ಸಲಕ್ಕೆ ಸರಿಯಾಗಿ ಕೂರಿಸಿದಳು.

‘ಇನ್ನೊಂದ್ಸಲ ತೋರಿಸಪ್ಪ’ ಎಂದಳು.

ಅವಳಿಗೆ ಆಗಲೇ ಬಂದಿದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಎಲ್ಲವನ್ನೂ ಬಿಚ್ಚಿ, ಮೊದಲಿನಿಂದ ತೋರಿಸಿದೆ.