ಹೆಸರಿಲ್ಲದವನ ತಿಥಿ

ಸತ್ತ ದೊರೆಯ ತಿಥಿಗೆಂದು ಮಾಸ್ಕೋದಿಂದ ಬಂದು ಊರಾಳುತ್ತಿದ್ದ ಅಧಿಪತಿಯ ಮನೆಯಿಂದ ಬಂದ ಗೋಧಿಹಿಟ್ಟು ಎಷ್ಟು ಬೆಳ್ಳಗಿತ್ತೆಂದರೆ, ಅದನ್ನು ನೋಡಿಯೇ ಉಸ್ತೀನ್ಯಾಳ ಹೊಟ್ಟೆ ಉರಿಯಿತು. ಇಗರ್ಜಿಯ ಪೂಜೆಗೆ ರೊಟ್ಟಿ ಸುಡುವುದು ಅವಳ ಕೆಲಸ. ನವ್ಗೊರೊದ್‌ನಲ್ಲಿ ಆ ಕೆಲಸವನ್ನು ವಿಧವೆಯರಿಗೇ ಕೊಡುತ್ತಿದ್ದರು. ಆ ದೊರೆ, ಝಾರ್ ಇವಾನನ ಕೃಪೆಯಿಂದ ಊರಿನಲ್ಲಿ ವಿಧವೆಯರಿಗೇನೂ ಬರಗಾಲವಿರಲಿಲ್ಲ.

ಚೀಲ ಹೊತ್ತು ತಂದವನು ನಜಾರ್. ಪೂಜೆಯಲ್ಲಿ ಪಾದ್ರಿಯ ಪಕ್ಕ ನಿಂತು ಹಾಡುವವನು, ಊರಿಗೆ ಹೊಸಬ, ವೋಲಗ್ದಾ ಕಡೆಯವನು. ಕೇಳದೆಯೇ ಬೆಂಚಿನ ಮೇಲೆ ಕುಳಿತು, ಈಸ್ಟರ್ ಹಬ್ಬದಲ್ಲಿ ಉಳಿದ ಕೆಂಪು ಮೊಟ್ಟೆಯೊಂದನ್ನು ಸುಲಿಯತೊಡಗಿದ.

"ನಾಳೆ ದೊರೆಯ ನಲವತ್ತನೇ ದಿನ, ಉಸ್ತೀನ್ಯಕ್ಕ. ರೊಟ್ಟಿ ಚೆನ್ನಾಗಿ ಉಬ್ಬಬೇಕು. ಅಧಿಪತಿಗಳೇ ಖುದ್ದಾಗಿ ಬರ್ತಾರೆ."

"ಬರ್ಲಿ. ಬಾಗಿಲೇನು ಚಿಕ್ಕದಲ್ಲ."

"ಏನೇ ಅನ್ನು, ಗಂಡಸು ಅಂದ್ರೆ ಅವನು! ತಾತಾರರ ಕಜಾನ್ ಕೋಟೆ ಗೆದ್ದ. ದೊಡ್ಡ ದೊಡ್ಡ ಜಮೀನ್ದಾರರು ಅವನ ಹೆಸರು ಕೇಳಿದ್ರೆ ನಡುಗ್ತಿದ್ರು. ಈಗ ನೋಡು, ಎಲ್ಲಿ ನೋಡಿದ್ರೂ ಕಳ್ಳರು. ಸ್ವಲ್ಪ ಕೈ ಜೋರಿತ್ತು, ಒಪ್ಕೋತೀನಿ. ಮನೆ ಯಜಮಾನ ಅಂದ್ಮೇಲೆ ನಾಲ್ಕು ಏಟು ಹಾಕದೆ ಇರ್ತಾನಾ?"

"ನಿಮ್ಮನೇಲಿ ಯಾರ್ಯಾರಿಗೆ ಹಾಕ್ದ?"

ನಜಾರ್ ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. "ಹಳೇ ಮಾತು ಬಿಡಕ್ಕ. ಸಾಯೋ ಹೊತ್ತಲ್ಲಿ ಅವನಿಗೆ ಸನ್ಯಾಸ ಕೊಟ್ರಂತೆ. ಇಯೋನಾ ಅಂತ ಹೊಸ ಹೆಸರೂ ಇಟ್ರಂತೆ."

"ಹೆಸರು ಬದಲಾಯಿಸಿದ್ರೆ ದೇವರಿಗೆ ಗುರುತು ಸಿಗಲ್ಲ ಅಂದ್ಕೊಂಡ್ರಾ? ಕದ್ದ ಕುದುರೆಗೆ ಬಣ್ಣ ಬಳಿದು ಸಂತೆಗೆ ಹೊಡ್ಕೊಂಡು ಹೋಗೋ ಹಾಗೆ!"

"ನಿನ್ನ ನಾಲಿಗೆ ಒಂದಿನ ನಿನ್ನನ್ನೇ ತಿನ್ನುತ್ತೆ," ಎನ್ನುತ್ತ ನಜಾರ್ ಎದ್ದು ಹೋದ. ಮೊಟ್ಟೆಯ ಸಿಪ್ಪೆಯನ್ನು ಮಾತ್ರ ಬೆಂಚಿನ ಮೇಲೆಯೇ ಬಿಟ್ಟ.

ನಾಲ್ಕು ಏಟಂತೆ! ಹದಿನಾಲ್ಕು ಚಳಿಗಾಲಗಳ ಹಿಂದೆ, ಈ ಊರು ಶತ್ರುರಾಜ್ಯ ಲಿಥುವೇನಿಯಾದ ಕಡೆ ಸೇರುತ್ತದೆಂದು ಯಾರೋ ಕಿವಿ ಕಚ್ಚಿದ್ದಕ್ಕೆ, ಇದೇ ದೊರೆ ಕಪ್ಪು ಬಟ್ಟೆಯ ಪಡೆ ಕಟ್ಟಿಕೊಂಡು ಬಂದಿದ್ದ. ಉಸ್ತೀನ್ಯಾ ಆಗ ಅತ್ತೆಮನೆಯ ಹಳ್ಳಿಗೆ ಹೋಗಿದ್ದಳು. ತಿರುಗಿ ಬರುವಷ್ಟರಲ್ಲಿ ಗಂಡ ಚೌಕದಲ್ಲಿ ಹೆಣವಾಗಿದ್ದ. ಅವಳ ತಾಯಿ ಅಗಾಫ್ಯಾಳನ್ನೂ ಆಗಷ್ಟೇ ನಡೆಯಲು ಕಲಿತಿದ್ದ ಮಗಳು ಪೆಲಗೇಯಾಳನ್ನೂ ಒಂದೇ ಹಗ್ಗದಲ್ಲಿ ಬಿಗಿದು ಸೇತುವೆಯಿಂದ ವೋಲ್ಖೊವ್ ಹೊಳೆಗೆ ಎಸೆದಿದ್ದರು. ಮೇಲೆದ್ದವರನ್ನು ದೋಣಿಯಲ್ಲಿ ನಿಂತವರು ಈಟಿಯಿಂದ ಒಳಗೆ ತಳ್ಳಿದರೆಂದು ನೆರೆಯವರು ಹೇಳಿದರು. ಅವಳ ಕೇರಿ ಅರ್ಧಕ್ಕರ್ಧ ಹಾಗೆಯೇ ಹೋಯಿತು. ಸೇತುವೆಯ ಕೆಳಗಿನ ಆ ನೀರು ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ ಎಂದು ಊರಿನವರು ಇಂದಿಗೂ ಹೇಳುತ್ತಾರೆ.

ಅಷ್ಟಾದರೂ ಅವಳು ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಹೋದ ವರ್ಷದ್ದು. ಮುದಿ ದೊರೆಗೆ ಸಾವಿನ ಭಯ ಹತ್ತಿ, ತಾನು ಕೊಲ್ಲಿಸಿದವರಿಗಾಗಿ ಪ್ರಾರ್ಥಿಸಿರೆಂದು ಮಠಗಳಿಗೆಲ್ಲ ಹೇಳಿಕಳಿಸಿದ್ದ. ಹೊಳೆಯಾಚೆಯ ಮಠದಲ್ಲಿ ಸತ್ತವರ ಹೆಸರು ಓದುತ್ತಾರೆಂದು ಕೇಳಿ ಉಸ್ತೀನ್ಯಾ ಓಡಿದಳು. ಕಾಲು ಮರಗಟ್ಟುವವರೆಗೆ ನಿಂತು ಕಿವಿಗೊಟ್ಟಳು. ಜಮೀನ್ದಾರರಿಗೆ ಹೆಸರಿತ್ತು, ಅವರ ಹೆಂಡಿರಿಗೂ ಹೆಸರಿತ್ತು. ಅವಳ ಕೇರಿಯ ಸರದಿ ಬಂದಾಗ ಓದುವ ಸನ್ಯಾಸಿ ಒಂದೇ ಉಸಿರಿಗೆ ಮುಗಿಸಿಬಿಟ್ಟ: "ಮತ್ತು ನವ್ಗೊರೊದ್‌ನ ಇಷ್ಟು ಮಂದಿ, ಇವರ ಹೆಸರು, ಪ್ರಭುವೇ, ನಿನಗೇ ಗೊತ್ತು."

ಪ್ರಾರ್ಥನೆ ಮುಗಿದ ಮೇಲೆ ಅವಳು ಸನ್ಯಾಸಿಯ ತೋಳು ಹಿಡಿದು, ಅಗಾಫ್ಯಾ, ಪೆಲಗೇಯಾ ಅಂತ ಸೇರಿಸಿ ಎಂದು ಬೇಡಿದ್ದಳು. ದೊರೆ ಕಳಿಸಿದ ಮಾತಿಗೆ ಒಂದಕ್ಷರ ಸೇರಿಸುವಂತಿಲ್ಲ ಎಂದು ಅವನು ತೋಳು ಬಿಡಿಸಿಕೊಂಡ. ಕೊಂದವನಿಗೆ ತಾನು ಕೊಂದದ್ದು ಯಾರನ್ನೆಂದು ಕೇಳಿ ತಿಳಿಯುವಷ್ಟೂ ವ್ಯವಧಾನವಿರಲಿಲ್ಲ. ಅವನಿಗೋ ಎರಡೆರಡು ಹೆಸರು!

ನಲವತ್ತನೆಯ ದಿನವೇ ಸತ್ತವನ ಜೀವಕ್ಕೆ ತೀರ್ಪು. ಆ ದಿನ ಭೂಮಿಯ ಮೇಲೆ ಅವನ ಹೆಸರು ಹಿಡಿದು ಬೇಡುವವರಿರಬೇಕು. ಯಾರೂ ಬೇಡಬಾರದು, ತಾನು ಬೇಡಲು ಬಿಡಬಾರದು. ಉಸ್ತೀನ್ಯಾ ಮೇಲುವಸ್ತ್ರವನ್ನು ಸೊಂಟಕ್ಕೆ ಬಿಗಿದು ಹಿಟ್ಟು ನಾದಲು ಕುಳಿತಳು. ಪೂಜೆಯ ರೊಟ್ಟಿಗೆ ಅದನ್ನು ಉಬ್ಬಿಸುವ ಹುಳಿಹಿಟ್ಟೇ ಜೀವ. ಹುಳಿಯಿಲ್ಲದ್ದು ಹೆಣ, ಅದನ್ನಿಟ್ಟು ಮಾಡಿದ ಪೂಜೆ ಪೂಜೆಯೇ ಅಲ್ಲ. ಅಧಿಪತಿಯ ಬಿಳಿ ಹಿಟ್ಟಿಗೆ ಅವಳು ಹುಳಿ ಬೆರೆಸಲೇ ಇಲ್ಲ. ಶಿಲುಬೆಯ ಅಚ್ಚನ್ನು ಮಾತ್ರ ಗಟ್ಟಿಯಾಗಿ ಒತ್ತಿದಳು. ಆದರೆ ನಾಳೆ ಭಾನುವಾರ, ಊರಿನ ಜನ ಏನು ಪಾಪ ಮಾಡಿದ್ದರು? ಅವರಿಗಾಗಿ ತನ್ನ ಮನೆಯ ಹಿಟ್ಟಿನಲ್ಲಿ, ಹುಳಿ ಹಾಕಿ, ಇನ್ನೊಂದು ಒಬ್ಬೆ ಸುಟ್ಟಳು.

ಬೆಳಿಗ್ಗೆ ಪಾದ್ರಿ ಎವ್ಸೇವಿ ಬುಟ್ಟಿಯ ಮೇಲಿನ ರೊಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದ. ಅದು ಕಲ್ಲಿನಂತೆ ಕೂತಿತ್ತು.

"ಏನಮ್ಮಾ ಇದು? ಹುಳಿ ಹಾಕೋದು ಮರೆತ್ಯಾ?"

"ಮರೀಲಿಲ್ಲ ಸ್ವಾಮಿ. ಅವನಿಗೆ ಇಷ್ಟೇ."

ಪಾದ್ರಿ ಬಾಗಿಲ ಕಡೆ ತಿರುಗಿ ನೋಡಿದ. "ಅಧಿಪತಿ ಆಗ್ಲೇ ಮನೆ ಬಿಟ್ಟಾಯ್ತಂತೆ! ನನ್ನ ತಲೆ ಹೋಗುತ್ತೆ ಕಣಮ್ಮ. ನಿಂದೂ ಉಳಿಯಲ್ಲ."

"ಒಳ್ಳೇ ರೊಟ್ಟಿ ಬುಟ್ಟಿಯ ತಳದಲ್ಲಿದೆ. ಒಂದು ಮಾತು ಕೊಡಿ, ತೆಗೆದುಕೊಡ್ತೀನಿ. ನಮ್ಮವರನ್ನ ಹೇಗೆ ಓದಿಸಿದ್ನೋ ಅವನನ್ನೂ ಹಾಗೇ ಓದಿ. ಹೆಸರೆತ್ತಬೇಡಿ. ಇವಾನನೂ ಬೇಡ, ಇಯೋನಾನೂ ಬೇಡ."

"ಸತ್ತವನ ಮೇಲೆ ಹಗೆ ಸಾಧಿಸಬಾರದು. ದೇವರು ಮೆಚ್ಚಲ್ಲ."

"ಬದುಕಿದ್ದಾಗ ನನ್ನ ಕೈಗೆ ಸಿಗಲಿಲ್ಲವಲ್ಲ ಸ್ವಾಮಿ! ನಿಮ್ಮಪ್ಪನೂ ಇದೇ ಇಗರ್ಜೀಲಿ ಪೂಜೆ ಮಾಡ್ತಿದ್ರು. ಆ ಕಪ್ಪು ಬಟ್ಟೆಯವರು ಅವರ ಮೊಣಕಾಲಿನ ಮೂಳೆ ಪುಡಿಯಾಗೋ ತನಕ ಬಡಿದ್ರು. ನಿಮಗೆ ನೆನಪಿಲ್ಲದಿದ್ರೆ ನಾನು ನೆನಪಿಸ್ತೀನಿ."

ಎವ್ಸೇವಿ ಅವಳ ಮುಖ ನೋಡಲಿಲ್ಲ. ಹೊರಗೆ ಕುದುರೆಗಳ ಸದ್ದಾಯಿತು. ಅವನು ಬುಟ್ಟಿಯೊಳಗೆ ತಾನೇ ಕೈ ಹಾಕಿ, ತಳದಿಂದ ಉಬ್ಬಿದ ರೊಟ್ಟಿಗಳನ್ನು ತೆಗೆದುಕೊಂಡ. ಮಾತು ಕೊಡದೆಯೇ ಹೆಂಗಸರು ಕಾಲಿಡುವಂತಿಲ್ಲದ ಗರ್ಭಗುಡಿಯೊಳಗೆ ಹೋಗಿಬಿಟ್ಟ.

ಮೋಸ ಹೋದೆನೇ ಎಂದುಕೊಳ್ಳುತ್ತ ಉಸ್ತೀನ್ಯಾ ಜನರ ನಡುವೆ ಹೋಗಿ ನಿಂತಳು. ಅಧಿಪತಿ ತುಪ್ಪಳದ ಕಾಲರು ಸರಿಮಾಡಿಕೊಳ್ಳುತ್ತ ಎಲ್ಲರ ಮುಂದೆ ನಿಂತಿದ್ದ. ಕೊನೆಗೂ ಸತ್ತವರ ಪ್ರಾರ್ಥನೆ ಬಂತು. ನಜಾರ್ ಎದೆಯುಬ್ಬಿಸಿ ಬಾಯಿ ತೆರೆದ. ಪಾದ್ರಿ ಕೈಯೆತ್ತಿ ಅವನನ್ನು ತಡೆದು, ತಾನೇ ಮುಂದೆ ಬಂದು ಗಟ್ಟಿಯಾಗಿ ಹೇಳಿದ:

"ಮತ್ತು ನಿನ್ನ ಈ ಒಬ್ಬ ಸೇವಕ. ಇವನ ಹೆಸರು, ಪ್ರಭುವೇ, ನಿನಗೇ ಗೊತ್ತು."

ನಜಾರನ ಬಾಯಿ ತೆರೆದಂತೆಯೇ ಉಳಿಯಿತು. ಅಧಿಪತಿ ತಲೆಯೆತ್ತಿದ. "ಏನ್ರೀ, ಹೆಸರು ನುಂಗಿಬಿಟ್ರಲ್ಲ?"

"ದೊರೆಯಾಗಿದ್ದಾಗ ಒಂದು ಹೆಸರು, ಸನ್ಯಾಸಿಯಾದ ಮೇಲೆ ಒಂದು ಹೆಸರು, ಮಹಾಸ್ವಾಮಿ," ಎಂದ ಎವ್ಸೇವಿ. "ಈ ದಿನ ಅಲ್ಲಿ ಯಾವ ಹೆಸರಿಂದ ಕೂಗ್ತಾರೋ, ಹೇಳೋಕೆ ನಾನ್ಯಾರು? ದೇವರಿಗೇ ಬಿಟ್ಟೆ."

ಅಧಿಪತಿ, ಎಂಥ ವಿನಯ ಎನ್ನುವಂತೆ ತಲೆದೂಗಿ, ನೆಲ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡ. ಎವ್ಸೇವಿ ಅಲ್ಲಿಗೇ ನಿಲ್ಲಿಸಲಿಲ್ಲ. "ಅಗಾಫ್ಯಾ," ಎಂದ. "ಮಗು ಪೆಲಗೇಯಾ." ಆಮೇಲೆ ಕೇರಿಯವರನ್ನೆಲ್ಲ, ಮನೆಮನೆಯಾಗಿ, ತನ್ನ ತಂದೆಯವರೆಗೂ ಕರೆದ. ಒಂದೊಂದು ಹೆಸರಿಗೂ ಮಾಸ್ಕೋದ ಅಧಿಪತಿ ಸೊಂಟ ಹಿಡಿದುಕೊಂಡು ಬಾಗಲೇಬೇಕಾಯಿತು. ಉಸ್ತೀನ್ಯಾಳಿಗೆ ಅಳು ಬರಲಿಲ್ಲ. ಬಂದದ್ದು ನಗು, ಅದನ್ನು ತುಟಿ ಕಚ್ಚಿ ತಡೆದಳು.

ಎಲ್ಲರೂ ಜೇನು ಬೆರೆಸಿದ ತಿಥಿಯ ಗೋಧಿ ತಿನ್ನಲು ಕುಳಿತಾಗ ಅವಳು ಬುಟ್ಟಿ ಹಿಡಿದು ಸೇತುವೆಗೆ ಹೋದಳು. ಅಚ್ಚೊತ್ತಿದ ರೊಟ್ಟಿಯನ್ನು ಎಸೆಯುವುದು ಪಾಪವೆಂದು ಅವಳಿಗೆ ಗೊತ್ತಿತ್ತು.

"ತಗೋ ದೊರೆ, ನಿನ್ನ ಪಾಲು," ಎಂದು ಒಂದೊಂದಾಗಿ ವೋಲ್ಖೊವ್‌ಗೆ ಹಾಕಿದಳು.

ಹುಳಿಯಿಲ್ಲದ ಭಾರದ ರೊಟ್ಟಿಗಳು ನೇರವಾಗಿ ತಳಕ್ಕೆ ಇಳಿದವು. ಈಟಿಯಿಂದ ತಳ್ಳುವ ಕೆಲಸವೇ ಬೀಳಲಿಲ್ಲ.