ಕುಲುಮೆಯ ನೆತ್ತಿಯ ಮೇಲೆ ನನ್ನ ಪೊರಕೆ

ನಮ್ಮ ಪಿಟ್ಸ್‌ಬರ್ಗ್ ಕಡೆಯ ಕಬ್ಬಿಣದ ಧಣಿಗಳಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿದರೆ ಒಡವೆ ಮಾಡಿಸಿ ಸುಮ್ಮನಾಗುತ್ತಿರಲಿಲ್ಲ, ಅದಿರು ಕರಗಿಸುವ ಒಂದು ಕುಲುಮೆ ಕಟ್ಟಿಸಿ ಅದಕ್ಕೆ ಅವಳ ಹೆಸರಿಡುತ್ತಿದ್ದರು. ನದಿಯ ಆಚೆ ದಡದ ವಿಟ್‌ಕೂಂಬ್ ಧಣಿಯದು ಮಟಿಲ್ಡಾ. ಈಚೆ ದಡದಲ್ಲಿ ನಮ್ಮ ಥ್ರೇಲ್ ಧಣಿಯದು ಅಡಿಲೇಡ್. ಚರ್ಚಿನ ಗೋಪುರಕ್ಕಿಂತ ಎತ್ತರದ ಕುಲುಮೆ, ಎದೆಯ ಮೇಲೆ ಹೆಸರಿನ ಕಬ್ಬಿಣದ ಫಲಕ.

ಮಟಿಲ್ಡಾ ಹಗಲೂ ರಾತ್ರಿ ಕಬ್ಬಿಣ ಸುರಿಸುತ್ತಿದ್ದಳು. ನಮ್ಮ ಅಡಿಲೇಡ್‌ಗೆ ದಿನಕ್ಕೊಂದು ಮುನಿಸು. ಮೇಲಿನಿಂದ ಹಾಕಿದ ಅದಿರು, ಕಲ್ಲಿದ್ದಲು ಗಂಟಲಲ್ಲೇ ಸಿಕ್ಕಿಕೊಂಡು ಕೂರುತ್ತಿತ್ತು. ಕೆಳಗೆ ಕಬ್ಬಿಣ ಇಳಿಯುತ್ತಿರಲಿಲ್ಲ. ಕ್ಲಬ್ಬಿನಲ್ಲಿ ವಿಟ್‌ಕೂಂಬ್ ಏನು ಚುಚ್ಚಿದನೋ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ ಥ್ರೇಲ್ ಧಣಿ ನಮ್ಮವರ ಮೇಲೆ ಹರಿಹಾಯ್ದ. ಈ ತಿಂಗಳು ಕಬ್ಬಿಣದ ತೂಕದಲ್ಲಿ ಮಟಿಲ್ಡಾಳನ್ನು ಸೋಲಿಸದಿದ್ದರೆ ಬೆಂಕಿ ಆರಿಸಿಬಿಡುತ್ತೇನೆ ಅಂದ.

ಆ ಬೆಂಕಿ ಆರಿದರೆ ನನ್ನ ಒಲೆಯೂ ಆರಿದಂತೆಯೇ. ನನ್ನ ಗಂಡ ಫಿಂಟನ್ ಆ ಕುಲುಮೆಯ ಮೇಸ್ತ್ರಿ. ಅಲ್ಲಿ ದುಡಿಯುವ ಗಂಡಸರೇ ನನ್ನ ಮನೆಯಲ್ಲಿ ಬಾಡಿಗೆಗಿದ್ದು ಉಣ್ಣುವವರು. ಐರ್ಲೆಂಡಿನಿಂದ ಹಸಿದು ಬಂದವಳು ನಾನು. ಮತ್ತೊಮ್ಮೆ ಗಂಟುಮೂಟೆ ಕಟ್ಟುವ ಮನಸ್ಸು ನನಗಿರಲಿಲ್ಲ.

"ಕುಲುಮೆಗೆ ಹೆಸರಿಟ್ಟೋರ ಗುಣಾನೇ ಬರೋದು," ಅಂದ ಫಿಂಟನ್ ಒಂದು ದಿನ, ತಟ್ಟೆಯಲ್ಲಿ ಆಲೂಗಡ್ಡೆ ಹಿಸುಕುತ್ತ. "ಧಣಿ ಮನೇಲಿ ಅಮ್ಮಾವ್ರು ಎರಡು ತುತ್ತು ತಿಂದು ತಟ್ಟೆ ಸರಿಸ್ತಾರಂತೆ. ಇದೂ ಹಂಗೇ ಆಡ್ತದೆ."

"ಹಂಗಾದ್ರೆ ಚೆನ್ನಾಗಿ ಉಣ್ಣೋರ ಹೆಸರಿಟ್ರಾಯ್ತು," ಅಂದ ಎವನ್. ಕುಲುಮೆಯ ನೆತ್ತಿಯಲ್ಲಿ ನಿಂತು ಅದಿರು ಸುರಿಯುವ ವೇಲ್ಸಿನವನು.

ಎಲ್ಲರೂ ನನ್ನತ್ತ ತಿರುಗಿದರು.

"ಏನ್ರೋ, ಹಂಗೆ ನೋಡ್ತೀರಾ?"

"ಬೈಬೇಡಿ ಹನೋರಕ್ಕ. ನೀವು ಯಾವತ್ತಾದ್ರೂ ಊಟ ಬೇಡ ಅಂದಿದ್ದುಂಟಾ?"

ಸೌಟು ಎತ್ತಿದೆ. ಎವನ್ ತಪ್ಪಿಸಿಕೊಂಡ.

ಮರುದಿನ ಫಿಂಟನ್ ಆ ಫಲಕದ ಕೆಳಗೆ ಸೀಮೆಸುಣ್ಣದಲ್ಲಿ ಗೇಣುದ್ದದ ಅಕ್ಷರಗಳಲ್ಲಿ ನನ್ನ ಹೆಸರು ಬರೆದ. ಬುಡಕ್ಕೆ ಒಂದು ಲೋಟ ಬಿಯರ್ ಸುರಿದರಂತೆ. ಆ ವಾರ ಒಳ್ಳೆಯ ಕಲ್ಲಿದ್ದಲು ಬಂದಿತ್ತು ಅಂತ ಗುಮಾಸ್ತ ಹೇಳುತ್ತಾನೆ. ಹೇಳಿಕೊಳ್ಳಲಿ. ಅವತ್ತಿನಿಂದ ಕುಲುಮೆ ಹಾಕಿದ್ದನ್ನೆಲ್ಲ ನುಂಗಿ ಇನ್ನಷ್ಟು ಕೇಳತೊಡಗಿತು. ಮನೆಗೆ ಬಂದವರ ಬಾಯಲ್ಲಿ ಒಂದೇ ಮಾತು, ಹನೋರಾ ಇವತ್ತು ಎರಡು ಸಲ ಬಡಿಸಿಕೊಂಡಳು ಅಂತ. ಬಾಯಿಗೆ ಬಂದಂತೆ ಬೈದೆ. ಒಳಗೊಳಗೇ ಹಿಗ್ಗಿದೆ.

ತಿಂಗಳು ಮುಗಿಯಿತು. ಮಟಿಲ್ಡಾ ಸೋತಳು.

ಗೆದ್ದ ಕುಲುಮೆಯ ನೆತ್ತಿಗೆ ಪೊರಕೆ ಕಟ್ಟುವುದು ನಮ್ಮಲ್ಲಿ ಪದ್ಧತಿ, ಉಳಿದವರನ್ನೆಲ್ಲ ಗುಡಿಸಿ ಹಾಕಿದೆವು ಅಂತ. ಎವನ್‌ಗೆ ಸಿಕ್ಕಿದ್ದು ನನ್ನ ಅಡುಗೆಮನೆಯ ಪೊರಕೆ, ಅದೂ ಹೊಸದು. ನನ್ನನ್ನು ಕೇಳದೆ ಒಯ್ದಿದ್ದ. ಹಿಟ್ಟು ಮೆತ್ತಿದ ಕೈಯಲ್ಲೇ ಕಾರ್ಖಾನೆಗೆ ಓಡಿದೆ.

"ಲೋ ಎವನ್, ಇಳಿಸೋ ನನ್ನ ಪೊರಕೇನ."

ಅದೇ ಹೊತ್ತಿಗೆ ಧಣಿಯ ಸಾರೋಟು ಬಂತು. ಗೆದ್ದ ಪೊರಕೆ ತೋರಿಸಲು ಹೆಂಡತಿಯನ್ನೂ ಕರೆತಂದಿದ್ದ. ಮೇಲೆ ನೋಡಿ ನಕ್ಕ. ಕಣ್ಣು ಫಲಕದ ತನಕ ಇಳಿದದ್ದೇ ನಗು ಮಾಯವಾಯಿತು.

"ಯಾರಿದು ಹನೋರಾ?"

ಹಿಟ್ಟಿನ ಕೈ ಎತ್ತಿದೆ.

"ನಾನೇ, ಧಣಿ. ಇವರಿಗೆಲ್ಲ ಬೇಯಿಸಿ ಹಾಕೋಳು."

"ನನ್ನ ಹೆಂಡತಿ ಹೆಸರಿನ ಕೆಳಗೆ ಅಡುಗೆಯವಳ ಹೆಸರಾ? ಬರೆದೋನು ಈಗಲೇ ಗೇಟು ದಾಟಬೇಕು."

ಫಿಂಟನ್ ಟೋಪಿ ತೆಗೆದು ಮುಂದೆ ಬಂದ. ಗೆದ್ದೂ ಸೋತೆವಲ್ಲ ಅನ್ನಿಸಿತು.

ಅಷ್ಟರಲ್ಲಿ ಅಮ್ಮಾವ್ರು ನಕ್ಕರು. ಸಣ್ಣಗೆ ಶುರುವಾದ ನಗು ಕೊಡೆ ಊರಿಕೊಂಡು ನಿಲ್ಲುವಷ್ಟಾಯಿತು.

"ಬಿಡೀಂದ್ರೆ," ಅಂದರು ಗಂಡನಿಗೆ. "ಒಂದು ವರ್ಷದಿಂದ ಊಟಕ್ಕೆ ಬಂದೋರ ಮುಂದೆ ಕಾರ್ಖಾನೆಯಿಂದ ಬಂದ ತಂತಿ ಓದ್ತಿದೀರಿ. ಅಡಿಲೇಡ್‌ಗೆ ಗಂಟಲು ಕಟ್ಟಿದೆ, ಅಡಿಲೇಡ್ ಇವತ್ತು ಏನೂ ಇಳಿಸ್ಲಿಲ್ಲ, ಅಡಿಲೇಡ್‌ಗೆ ಸಲಾಕೆ ಹಾಕಿ ಕೆದಕ್ಬೇಕು. ಬಿಷಪ್ಪರು ಬಂದಾಗ್ಲೂ ಬಿಡ್ಲಿಲ್ಲ. ತುತ್ತು ಹೇಗೆ ಇಳಿಯುತ್ತೆ ನಂಗೆ?"

ಅಮ್ಮಾವ್ರು ನನ್ನತ್ತ ತಿರುಗಿದರು. "ಈ ಕುಲುಮೆ ಅನ್ನೋ ಪೀಡೇನ ನೀವು ಇಟ್ಕೋತೀರೇನಮ್ಮ?"

"ನಾನು ಇಟ್ಕೋತೀನಿ ಅಮ್ಮಾವ್ರೇ. ನನ್ನ ಗಂಡನ್ನ ಧಣಿ ಇಟ್ಕೋಬೇಕು."

"ಇಟ್ಕೋತಾರೆ," ಅಂದರು, ಗಂಡನ ಕಡೆ ನೋಡದೆಯೇ.

ಅಲ್ಲೇ ನಿಂತು ಫಲಕ ಬಿಚ್ಚಿಸಿದರು. ಥ್ರೇಲ್ ಧಣಿ ಏನೇ ಆದರೂ ಕಬ್ಬಿಣ ದಂಡ ಮಾಡುವವನಲ್ಲ. "ಅದನ್ನೂ ಒಳಗೆ ಹಾಕಿ," ಅಂದ. ಎವನ್ ಅದನ್ನು ಮೇಲಕ್ಕೆ ಒಯ್ದ. ಎಲ್ಲರೂ ಕತ್ತೆತ್ತಿ ನಿಂತೆವು.

"ಒಂದೇ ತುತ್ತು ಹನೋರಕ್ಕ," ಅಂತ ಮೇಲಿನಿಂದ ಕೂಗಿದ.

ಎಲ್ಲರಿಗಿಂತ ಜೋರಾಗಿ ನಕ್ಕವರು ಅಮ್ಮಾವ್ರು. ಆಮೇಲೆ ನನ್ನ ಮನೆಗೆ ಬಂದು, ಅಡುಗೆಮನೆಯಲ್ಲೇ ಕೂತು, ಎಲೆಕೋಸು ಹಂದಿಮಾಂಸ ಎರಡು ಸಲ ಬಡಿಸಿಕೊಂಡು ತಿಂದರು. ಧಣಿ ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದ.

"ಮುಂದಿನ ತಿಂಗಳು ಎಷ್ಟು ಇಳಿಸ್ತೀಯಾ?" ಅಂದ ಫಿಂಟನ್‌ಗೆ.

"ಹನೋರಾನ ಕೇಳ್ಬೇಕು ಧಣಿ."

ಸಂಜೆ ಎವನ್ ತಲೆ ಕೆರೆಯುತ್ತ ಬಂದ. "ನಾಳೆ ನಿಮ್ಮ ಪೊರಕೆ ಇಳಿಸಿಕೊಡ್ತೀನಿ ಅಕ್ಕ."

ಕಿಟಕಿಯಿಂದ ನೋಡಿದೆ. ಹೊಗೆಯ ನಡುವೆ, ಆಚೆ ದಡಕ್ಕೂ ಕಾಣುವ ಹಾಗೆ, ಅದು ನೆಟ್ಟಗೆ ನಿಂತಿತ್ತು. ಖಾಲಿ ಹೊಟ್ಟೆಯಲ್ಲಿ ಹಡಗು ಹತ್ತಿದ ಹುಡುಗಿಯ ಹೆಸರು ಕೆಳಗೆ, ಅವಳ ಪೊರಕೆ ಮೇಲೆ. ಖುಷಿಗೆ ಕಣ್ಣು ತುಂಬಿ ಬಂತು.

"ಮುಟ್ಟಿದ್ರೆ ಕೈ ಮುರೀತೀನಿ," ಅಂದೆ. ಪಕ್ಕದ ಮನೆಯಿಂದ ಪೊರಕೆ ಕೇಳಿ ತಂದು, ಅವನ ಕೈಗೇ ಕೊಟ್ಟು ಅಡುಗೆಮನೆ ಗುಡಿಸಿಸಿದೆ.