ಭೋಗ್ಯದ ಮನೆಯ ಲೆಕ್ಕ

ಸಿವಿಲ್ ಇಂಜಿನಿಯರಿಂಗ್ ಓದುವವರಿಗೆ ಹಣಕಾಸಿನ ಪಾಠವನ್ನೂ ಹೇಳಿಕೊಡಬೇಕು ಎಂದು ತೀರ್ಮಾನಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕರೆ ನಾಲ್ಕು ಮಾತು ಕೇಳುವುದಿದೆ. ಸಿಮೆಂಟು, ಕಂಬಿ, ಜಲ್ಲಿ ಎಂದುಕೊಂಡು ನೆಮ್ಮದಿಯಾಗಿದ್ದ ನಮ್ಮ ತಲೆಯ ಮೇಲೆ ಆರನೇ ಸೆಮಿಸ್ಟರಿನಲ್ಲಿ ಇಂಜಿನಿಯರಿಂಗ್ ಎಕನಾಮಿಕ್ಸ್ ಬಂದು ಕೂತಿತು. ಇವತ್ತಿನ ರೂಪಾಯಿಯೂ ಮೂರು ವರ್ಷದ ನಂತರದ ರೂಪಾಯಿಯೂ ಒಂದೇ ಅಲ್ಲ ಎಂಬುದು ಅದರ ಮೊದಲ ಪಾಠ. ನನ್ನ ಗೊಂದಲ ಶುರುವಾದದ್ದು ಅಲ್ಲಿಂದಲೇ.

ಆದರೂ ನನಗೆ ಹೇಗೋ ಉತ್ತರ ಬರುತ್ತಿತ್ತು. ಕವನಾಳಿಗೆ ಅದೂ ಇಲ್ಲ. ಕವನಾ ನನ್ನ ಕ್ಲಾಸಿನವಳು, ಜೊತೆಗೆ ನಮ್ಮ ಓನರ್ ಮಗಳು. ಹೇರೋಹಳ್ಳಿಯಲ್ಲಿ ಅವರದು ಮೇಲಿನ ಮನೆ, ನಮ್ಮದು ಕೆಳಗಿನದು. ಇಬ್ಬರೂ ಒಂದೇ ಬಸ್ಸು ಹತ್ತಿ ಕೆಂಗೇರಿ ಕಡೆಯ ಕಾಲೇಜಿಗೆ ಹೋಗುತ್ತೇವೆ. ಮೊದಲ ಇಂಟರ್ನಲ್ಸ್‌ನಲ್ಲಿ ಅವಳಿಗೆ ಬಂದ ಅಂಕ ನೋಡಿ ಅವಳಪ್ಪ ಮೋಹನ್ ಕುಮಾರ್ ಅಂಕಲ್ ಮೆಟ್ಟಿಲ ಮೇಲಿಂದಲೇ ನನ್ನನ್ನು ಕೂಗಿದರು.

“ರಂಜಿನಿ, ಇವ್ಳಿಗೆ ಸ್ವಲ್ಪ ಹೇಳ್ಕೊಡಮ್ಮ. ದುಡ್ಡಿನ ಲೆಕ್ಕದಲ್ಲೇ ಫೇಲಾದ್ರೆ ಊರಲ್ಲಿ ನನ್ ಮರ್ಯಾದೆ ಏನಾಗ್ಬೇಕು?”

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಪಾಠಕ್ಕೆ ಕೂತೆವು. ಮೊದಲು ಒಂದು ಅಡ್ಡಗೆರೆ, ಅದು ಕಾಲ. ಬರುವ ದುಡ್ಡಿಗೆ ಮೇಲ್ಮುಖದ ಬಾಣ, ಹೋಗುವ ದುಡ್ಡಿಗೆ ಕೆಳಮುಖದ ಬಾಣ. ಇಷ್ಟೇ ವಿಷಯ.

“ಸಾಲ ತಗೊಂಡ್ರೆ ಬಾಣ ಮೇಲಕ್ಕಾ, ಕೆಳಕ್ಕಾ?” ಎಂದಳು ಕವನಾ.

“ಮೇಲಕ್ಕೆ. ದುಡ್ಡು ಕೈಗೆ ಬಂತಲ್ಲ.”

“ಸಾಲ ಮಾಡಿದ್ರೆ ಬೇಜಾರಾಗ್ಬೇಕು ಕಣೇ. ಮೇಲಕ್ಕೆ ಹೆಂಗ್ ಹೋಗತ್ತೆ?”

ನನಗೆ ರೇಗಿತು. ಪುಸ್ತಕದಲ್ಲಿದ್ದ ಕ್ರೇನು, ಬಾಯ್ಲರುಗಳನ್ನೆಲ್ಲ ಪಕ್ಕಕ್ಕಿಟ್ಟು, ನಾವು ಕೂತಿದ್ದ ಮನೆಯನ್ನೇ ಉದಾಹರಣೆಗೆ ಹಿಡಿದೆ. ನಾವಿರುವುದು ಭೋಗ್ಯಕ್ಕೆ. ಒಂದೇ ಸಲ ಎಂಟು ಲಕ್ಷ ಕೊಟ್ಟಿದ್ದೇವೆ, ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಆ ಎಂಟು ಲಕ್ಷವನ್ನು ಹಾಗೇ ವಾಪಸು ಕೊಡುತ್ತಾರೆ. ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಕೈಗೆ ಬಂದ ಇಡುಗಂಟು ಅದು. ಅದು ಬಿಟ್ಟರೆ ನಮಗೆ ಬೇರೆ ಆಸ್ತಿ ಇಲ್ಲ.

“ಈಗ ನಿಮ್ಮಪ್ಪ ಈ ಎಂಟು ಲಕ್ಷಾನ ಬ್ಯಾಂಕಲ್ಲಿ ಏಳು ಪರ್ಸೆಂಟ್‌ಗೆ ಇಟ್ಟಿದಾರೆ ಅನ್ಕೋ. ವರ್ಷಕ್ಕೆ ಎಷ್ಟು ಬರತ್ತೆ?”

“ಐವತ್ತಾರು ಸಾವಿರ.”

“ಇದೇ ಮನೇನ ತಿಂಗಳಿಗೆ ಒಂಬತ್ತು ಸಾವಿರ ಬಾಡಿಗೆಗೆ ಕೊಟ್ಟಿದ್ರೆ?”

ಅವಳು ಬೆರಳು ಮಡಚಿ ಎಣಿಸಿದಳು. “ಒಂದು ಲಕ್ಷದ ಎಂಟು ಸಾವಿರ.” ಬಾಯಿ ತೆರೆದು ನನ್ನನ್ನೇ ನೋಡಿದಳು. ಸೆಮಿಸ್ಟರ್ ಶುರುವಾದಾಗಿನಿಂದ ಅವಳ ತಲೆಗೆ ಹೋಗದಿದ್ದದ್ದು ಅರ್ಧ ಗಂಟೆಯಲ್ಲಿ ಹೋಯಿತು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲು ಹತ್ತಿ ಓಡಿದಳು.

“ಅಪ್ಪಾ, ಕೆಳಗಿನ ಮನೆ ಲೀಸ್‌ಗೆ ಕೊಟ್ಟು ನಾವು ಲಾಸ್ ಮಾಡ್ಕೊಂಡಿದೀವಿ!”

ನಿಜ ಹೇಳಬೇಕೆಂದರೆ ನನಗೆ ಮೊದಲು ಆದದ್ದು ಖುಷಿಯೇ. ಶಿಷ್ಯೆಗೆ ಅರ್ಥವಾಯಿತಲ್ಲ! ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಾಗ ನಾನಿನ್ನೂ ನಗುತ್ತಿದ್ದೆ.

“ಏನೇ ಅಂದ್ಲು ಅವ್ಳು?”

ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ನಗು ಇಳಿಯಿತು. ಭೋಗ್ಯದ ಮೂರು ವರ್ಷ ಮುಂದಿನ ತಿಂಗಳು ಮುಗಿಯುತ್ತಿತ್ತು. ಅದನ್ನೇ ಇನ್ನು ಮೂರು ವರ್ಷಕ್ಕೆ ಮುಂದುವರಿಸಿ ಎಂದು ಅಪ್ಪ ಕೇಳಿದ್ದರು, ನೋಡೋಣ ಎಂದು ಅಂಕಲ್ ಹೇಳಿದ್ದರು. ಅಪ್ಪ ಈಗ ವಿಜಯನಗರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾರೆ. ಅಲ್ಲಿ ಸಂಬಳವನ್ನು ಅಷ್ಟಷ್ಟೇ ಕೊಡುತ್ತಾರೆ, ಅದೂ ಕೇಳಿದ ಮೇಲೆ. ತಿಂಗಳು ತಿಂಗಳು ತಪ್ಪದೆ ಒಂಬತ್ತು ಸಾವಿರ ಎತ್ತಿಡುವುದು ನಮ್ಮಿಂದ ಆಗದ ಮಾತು.

“ಪಾಠ ಹೇಳೋಕೆ ನಿಂಗೆ ಬೇರೆ ಯಾರ ಮನೇನೂ ಸಿಗ್ಲಿಲ್ವಾ?” ಎಂದಳು ಅಮ್ಮ. ಅವಳಿಗೆ ಅಳು ಬಂದಿತ್ತು. ಅದಕ್ಕೇ ಅಷ್ಟು ಜೋರಾಗಿ ಬೈದಳು.

ಮರುದಿನ ಕ್ಲಾಸು ಮುಗಿದ ಮೇಲೆ ನಾನು ಎಕನಾಮಿಕ್ಸ್ ಪಾಠ ಮಾಡುವ ಗೋಪೀನಾಥ ಸರ್ ಹಿಂದೆ ಬಿದ್ದೆ. ಏಳು ಪರ್ಸೆಂಟ್ ಹಿಡಿದರೆ ಓನರಿಗೆ ಬಾಡಿಗೆಯೇ ಲಾಭ, ಹದಿಮೂರೂವರೆ ದಾಟಿಸಿದರೆ ಭೋಗ್ಯವೇ ಲಾಭ. ಅದೇ ಮನೆ, ಅದೇ ಎಂಟು ಲಕ್ಷ. ಬಡ್ಡಿ ದರ ಯಾವುದು ಹಿಡಿಯಬೇಕು ಎಂದು ಕೇಳಿದೆ.

“ಪರೀಕ್ಷೇಲಿ ಕೊಟ್ಟಿರ್ತಾರಮ್ಮ,” ಎಂದರು ಸರ್.

“ಕೊಡದೆ ಇದ್ರೆ ಸಾರ್?”

“ಕೊಡದೆ ಹೆಂಗಿರ್ತಾರೆ? ಕೊಟ್ಟಿಲ್ಲ ಅಂದ್ರೆ ಪ್ರಶ್ನೇನೇ ತಪ್ಪು. ಎಲ್ರಿಗೂ ಗ್ರೇಸ್ ಮಾರ್ಕ್ಸ್.”

“ಪರೀಕ್ಷೆ ಅಲ್ಲ ಸಾರ್. ಮನೆ ವಿಷ್ಯ.”

ಸರ್ ನನ್ನ ಮುಖ ನೋಡಿದರು. ಇಡೀ ಸೆಮಿಸ್ಟರಿನಲ್ಲಿ ಅವರು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. “ಹಂಗಾದ್ರೆ ದುಡ್ಡು ಯಾರ ಹತ್ರ ಇದೆಯೋ ಅವ್ರನ್ನ ಕೇಳು. ಅವ್ರು ಅದನ್ನ ಎಲ್ಲಿ ಹಾಕಿದಾರೆ, ಅದ್ರಿಂದ ಏನು ದುಡೀತಾ ಇದಾರೆ, ಅದೇ ನಿನ್ ದರ,” ಎಂದು ಹೇಳಿ ಸ್ಟಾಫ್ ರೂಮಿಗೆ ಹೊರಟುಹೋದರು. ಕೇಳುವುದು ಅಷ್ಟು ಸುಲಭವೇ? ಬ್ಯಾಂಕಿನಲ್ಲಿದೆ ಎಂದುಬಿಟ್ಟರೆ ನಮ್ಮ ಕಥೆ ಮುಗಿದಂತೆ.

ಕವನಾ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ತಾನು ಮಾಡಿದ್ದು ಏನೆಂದು ಅವಳಿಗೂ ಅರ್ಥವಾಗಿತ್ತು. “ನಾನು ಸರಿ ಮಾಡ್ತೀನಿ ಕಣೇ, ನೋಡ್ತಾ ಇರು,” ಎಂದಳು. ಅವಳು ಸರಿ ಮಾಡುತ್ತೇನೆ ಎಂದರೆ ನನಗೆ ಇನ್ನೂ ಭಯ. ಮನೆಗೆ ಹೋದವಳೇ ಹದಿನೈದು ಪರ್ಸೆಂಟ್ ಹಾಕಿ ಭೋಗ್ಯವೇ ಲಾಭ ಎಂದು ಅವಳಪ್ಪನಿಗೆ ತೋರಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಅಂಕಲ್ ಅವಳನ್ನು ಕರೆದುಕೊಂಡು ನಮ್ಮ ಮನೆಗೇ ಇಳಿದು ಬಂದರು. ಅಪ್ಪನೂ ಆಗಷ್ಟೇ ಕೆಲಸದಿಂದ ಬಂದಿದ್ದರು.

“ನೋಡಿ ರಾಜೇಂದ್ರ, ನಿನ್ನೆ ಲಾಸ್ ಅಂದ್ಲು, ಇವತ್ತು ಲಾಭ ಅಂತಾಳೆ,” ಎಂದು ಅಪ್ಪನಿಗೆ ಹೇಳಿ, ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. “ಇವ್ಳ ಮಾತು ಬಿಡು. ರಂಜಿನಿ, ನೀನು ಹೇಳಮ್ಮ. ಮುಂದಿನ ತಿಂಗಳು ಲೀಸೇ ಇರ್ಲಾ, ಬಾಡಿಗೆ ಮಾಡ್ಲಾ? ನೀನು ಹೇಳ್ದಂಗೆ ಮಾಡ್ತೀನಿ.”

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕವನಾ ಅವಳಪ್ಪನ ಬೆನ್ನ ಹಿಂದಿನಿಂದ ಕೈಯ ಐದೂ ಬೆರಳನ್ನು ಮೂರು ಸಲ ಬಿಡಿಸಿ ತೋರಿಸಿದಳು. ಹದಿನೈದು ಎಂದು ಹೇಳಿಬಿಟ್ಟರೆ ಆಯಿತು. ಅವರು ನಂಬುತ್ತಿದ್ದರು, ನಾವು ಉಳಿಯುತ್ತಿದ್ದೆವು. ನಾಲಿಗೆ ತುದಿಗೆ ಬಂದದ್ದು ಅಲ್ಲೇ ನಿಂತಿತು. ಇದೇನು ನನ್ನ ದೊಡ್ಡತನ ಅಲ್ಲ. ಸುಳ್ಳು ಲೆಕ್ಕ ಹೇಳುವಾಗ ನನ್ನ ಮುಖವೇ ನನ್ನನ್ನು ಹಿಡಿದುಕೊಡುತ್ತದೆ. ಜೊತೆಗೆ ಎರಡು ದಿನದಿಂದ ತಲೆ ಕೊರೆಯುತ್ತಿದ್ದ ಪ್ರಶ್ನೆಗೆ ಉತ್ತರ ನನಗೂ ಬೇಕಾಗಿತ್ತು. ಕೇಳಿಯೇಬಿಟ್ಟೆ.

“ಅಂಕಲ್, ನಾವು ಕೊಟ್ಟ ದುಡ್ಡು ಈಗ ಎಲ್ಲಿದೆ? ಬ್ಯಾಂಕಲ್ಲಾ?”

ಅಂಕಲ್ ಜೋರಾಗಿ ನಕ್ಕರು. “ಯಾವ ಬ್ಯಾಂಕಮ್ಮ? ತಾರಸಿ ಮೇಲೆ ಎರಡು ರೂಮು ಎತ್ತಿಸಿದ್ನಲ್ಲ, ಅದಕ್ಕೇ ಹಾಕಿದ್ದು. ಎರಡೂ ಸೇರಿ ತಿಂಗಳಿಗೆ ಹನ್ನೆರಡು ಸಾವಿರ ಬಾಡಿಗೆ ಬರ್ತಾ ಇದೆ.”

ತಿಂಗಳಿಗೆ ಹನ್ನೆರಡು ಸಾವಿರ. ವರ್ಷಕ್ಕೆ ಒಂದು ಲಕ್ಷದ ನಲವತ್ತನಾಲ್ಕು. ಎಂಟು ಲಕ್ಷಕ್ಕೆ ಹದಿನೆಂಟು ಪರ್ಸೆಂಟ್! ಇನ್ನೊಮ್ಮೆ ಮನಸ್ಸಿನಲ್ಲೇ ಮಾಡಿ ನೋಡಿದೆ. ಅಷ್ಟೇ ಬಂತು.

“ಹಂಗಾದ್ರೆ ಲೀಸೇ ಲಾಭ ಅಂಕಲ್. ನಿಜವಾಗ್ಲೂ.” ಕವನಾ ಅಲ್ಲೇ ಕುಣಿದಳು.

“ಅದೇ ನಾನೂ ಅನ್ಕೊಂಡೆ,” ಎಂದು ಅಂಕಲ್ ತೊಡೆ ತಟ್ಟಿಕೊಂಡು ಎದ್ದರು. “ಬಾಡಿಗೆ ಮಾಡ್ಬೇಕು ಅಂದ್ರೂ ನಿಮ್ಗೆ ಎಂಟು ಲಕ್ಷ ಕೊಡ್ಬೇಕಲ್ಲ, ನಾನೆಲ್ಲಿಂದ ತರ್ಲಿ? ಇನ್ಯಾರಾದ್ರೂ ಲೀಸ್‌ಗೆ ಬಂದು ಕೊಟ್ರೆ ತಾನೆ ಅದನ್ನ ನಿಮ್ಗೆ ಕೊಡೋದು? ಎಲ್ಲಾ ಓನರ್‌ಗಳೂ ಮಾಡೋದು ಹಂಗೇ. ಆರಾಮಾಗಿ ಇನ್ನು ಮೂರು ವರ್ಷ ಇರಿ.”

ಅವರ ಮಾತಿನಲ್ಲಿ ಮೋಸವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮಗಳ ತಲೆಗೊಂದು ಮೊಟಕಿ, ಮೆಟ್ಟಿಲು ಹತ್ತಿ ಹೋದರು. ಅಮ್ಮ ನನ್ನ ಕೆನ್ನೆ ಹಿಂಡಿ, ದೃಷ್ಟಿ ತೆಗೆದು, ಮೇಲಿನವರಿಗೂ ಕೊಡಬೇಕು ಎಂದು ಕೇಸರಿಬಾತಿಗೆ ರವೆ ಹುರಿಯಲು ಒಳಗೆ ಓಡಿದಳು. ನಾನೂ ಗೆದ್ದವಳಂತೆ ಅಪ್ಪನ ಕಡೆ ತಿರುಗಿದೆ.

ಅಪ್ಪ ನಗುತ್ತಿರಲಿಲ್ಲ. ಖಾಲಿ ಕುರ್ಚಿಯನ್ನು ಗೋಡೆಗೆ ಸರಿಸಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿದರು.

“ಇರೋಕೇನೋ ಆಯ್ತು ಮಗಳೇ. ನಾವೇ ಬಿಟ್ಟು ಹೋಗ್ಬೇಕು ಅಂತ ಆದ್ರೆ, ಹೋಗೋಕಾಗತ್ತಾ?”

ಒಳಗಿಂದ ರವೆಯ ಘಮ ಬರತೊಡಗಿತ್ತು, ಅಮ್ಮ ಏನೋ ಗುನುಗುತ್ತಿದ್ದಳು.

“ಗೊತ್ತಿಲ್ಲ ಅಪ್ಪ,” ಎಂದೆ.

“ಅಮ್ಮಂಗೆ ಇವತ್ತು ಹೇಳ್ಬೇಡ,” ಎಂದು ಅಪ್ಪ ಕೈಕಾಲು ತೊಳೆಯಲು ಹೋದರು.